ಯಾವ ಕರ್ನಲ್ ಉಳಿಸಿಕೊಳ್ಳಬೇಕು? ಒಂಬತ್ತನೇ ತರಗತಿಯಲ್ಲಿ ಎರಡು ಅವಧಿಗಳ ಪಾಠ

‘ಆಪರೇಟಿಂಗ್ ಸಿಸ್ಟಂ ಎಂದರೇನು?’ ಎಂದು ಕೇಳಿದರೆ ಒಂಬತ್ತನೇ ತರಗತಿಯ ಮಕ್ಕಳು ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ‘ಕರ್ನಲ್ ಎಂದರೆ ಅದರ ತಿರುಳು’ ಎಂಬುದೂ ಬಾಯಿಗೆ ಬರುತ್ತದೆ. ಪಾಠ ಅಲ್ಲಿಗೇ ನಿಲ್ಲುತ್ತದೆ. ಆ ತಿರುಳನ್ನು ಯಾರೋ ಬರೆದಿದ್ದಾರೆ, ಯಾರೋ ದಿನವೂ ತಿದ್ದುತ್ತಿದ್ದಾರೆ, ಯಾವ ಆವೃತ್ತಿಯನ್ನು ತಿದ್ದುತ್ತಲೇ ಇರಬೇಕು, ಯಾವುದನ್ನು ಕೈಬಿಡಬೇಕು ಎಂದು ಕೂತು ನಿರ್ಧರಿಸುತ್ತಾರೆ ಎಂಬ ಸಂಗತಿ ತರಗತಿಯೊಳಗೆ ಬರುವುದೇ ಇಲ್ಲ. ಈ ಬಾರಿಯ ಬೋಧನಾಭ್ಯಾಸದಲ್ಲಿ ನಾನು ಅದನ್ನೇ ಪಾಠವಾಗಿ ತೆಗೆದುಕೊಂಡೆ. ಡೆಬಿಯನ್‌ನಂಥ ಒಂದು ಮುಕ್ತ ತಂತ್ರಾಂಶ ವಿತರಣೆ ಲಿನಕ್ಸ್ ಕರ್ನಲ್‌ನ ಯಾವ ಆವೃತ್ತಿಯನ್ನು ಆರಿಸಿಕೊಂಡು ವರ್ಷಗಟ್ಟಲೆ ಕಾಪಾಡಬೇಕು ಎಂಬುದು ಪಾಠದ ಪ್ರಶ್ನೆ.

ಈ ವಿಷಯಕ್ಕೆ ಕೈಹಾಕಲು ಕಾರಣ ಶಾಲೆಯ ಲ್ಯಾಬ್. ಅಲ್ಲಿ 11 ಕಂಪ್ಯೂಟರ್‌ಗಳಿವೆ, ತರಗತಿಯಲ್ಲಿ 38 ಮಕ್ಕಳು. ಹಳೆಯ ವಿದ್ಯಾರ್ಥಿಯೊಬ್ಬರು ಎಲ್ಲದಕ್ಕೂ ಡೆಬಿಯನ್ 12 ಹಾಕಿಕೊಟ್ಟಿದ್ದಾರೆ. 11ರಲ್ಲಿ ನಾಲ್ಕು 32 ಬಿಟ್‌ನ ಹಳೆಯ ಯಂತ್ರಗಳು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ ಇಂಥ ಯಂತ್ರಗಳಿಗೆ ಕರ್ನಲ್ ಕೂಡ ಇಲ್ಲ, ಅನುಸ್ಥಾಪನಾ ವ್ಯವಸ್ಥೆಯೂ ಇಲ್ಲ. ಎಲ್ಲೋ ದೂರದಲ್ಲಿ ಸ್ವಯಂಸೇವಕರು ತೆಗೆದುಕೊಂಡ ತೀರ್ಮಾನ ನಮ್ಮ ಲ್ಯಾಬಿನ ನಾಲ್ಕು ಮೇಜುಗಳ ಮೇಲೆ ಬಂದು ಕೂತಿದೆ. ನಾಲ್ಕನ್ನು ತೆಗೆದರೆ ಒಂದು ಕಂಪ್ಯೂಟರಿಗೆ ಮೂರು–ನಾಲ್ಕು ಮಕ್ಕಳಿದ್ದಲ್ಲಿ ಐದು–ಆರು ಆಗುತ್ತಾರೆ. ಕೀಲಿಮಣೆ ಮುಟ್ಟದೇ ಅವಧಿ ಮುಗಿಸುವವರು ಯಾರು ಎಂಬುದು ಬೋಧನಾಭ್ಯಾಸಕ್ಕೆ ಹೋದ ನಮಗೆಲ್ಲ ಗೊತ್ತಿರುವುದೇ.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಪಾಠ ಯೋಜನೆ ಬರೆಯುವ ಮೊದಲು ನನ್ನ ಟಿಪ್ಪಣಿ ಪುಸ್ತಕದಲ್ಲಿ ಸೇರಿಸಿಕೊಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ. ಈ ಪಾಠವನ್ನು ಮುಂದೆ ಬಳಸುವವರಿಗೆ ಚಟುವಟಿಕೆಗಿಂತ ಇದೇ ಹೆಚ್ಚು ಬೇಕಾಗುತ್ತದೆ.

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು–ಹತ್ತು ವಾರಕ್ಕೊಮ್ಮೆ ಬರುತ್ತದೆ. ಎರಡು ವಾರ ಹೊಸ ಅಂಶಗಳನ್ನು ಸೇರಿಸಿಕೊಳ್ಳುತ್ತಾರೆ, ಉಳಿದ ಏಳೆಂಟು ವಾರ ಪರೀಕ್ಷೆ ಮತ್ತು ತಿದ್ದುಪಡಿ. ವರ್ಷಕ್ಕೆ ಐದೋ ಆರೋ ಆವೃತ್ತಿಗಳಾದವು. ಸಾಮಾನ್ಯ ಆವೃತ್ತಿಯೊಂದಕ್ಕೆ ತಿದ್ದುಪಡಿ ಸಿಗುವುದು ಮುಂದಿನದು ಬಂದು ಸ್ವಲ್ಪ ದಿನದವರೆಗೆ ಮಾತ್ರ. ವರ್ಷಕ್ಕೊಂದನ್ನು, ಸಾಮಾನ್ಯವಾಗಿ ವರ್ಷದ ಕೊನೆಯದನ್ನು, ದೀರ್ಘಾವಧಿ ಆವೃತ್ತಿ ಎಂದು ಆರಿಸುತ್ತಾರೆ. 4.19, 5.4, 5.10, 5.15, 6.1, 6.6, 6.12 ಇವೆಲ್ಲ ಹೀಗೆ ಆಯ್ಕೆಯಾದವು. ಇವುಗಳನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಸಾಶಾ ಲೆವಿನ್ ನೋಡಿಕೊಳ್ಳುತ್ತಾರೆ. ಒಂದು ಹಂತದಲ್ಲಿ ದೀರ್ಘಾವಧಿಯನ್ನು ಆರು ವರ್ಷಕ್ಕೆ ಹಿಗ್ಗಿಸಿದ್ದರು. 2023ರಲ್ಲಿ ಹೊಸ ಸರಣಿಗಳಿಗೆ ಮತ್ತೆ ಎರಡು ವರ್ಷಕ್ಕೇ ಇಳಿಸುವ ಮಾತು ಬಂತು. ಅಷ್ಟು ಹಳೆಯದನ್ನು ಬಳಸುವವರು ಕಡಿಮೆ, ಕಾಪಾಡುವವರು ಇನ್ನೂ ಕಡಿಮೆ.

ಡೆಬಿಯನ್ ಕಡೆಯ ಲೆಕ್ಕವೇ ಬೇರೆ. ಅದರ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ, ಪ್ರತಿಯೊಂದೂ ತನ್ನ ಆಯುಸ್ಸಿನುದ್ದಕ್ಕೂ ಒಂದೇ ಕರ್ನಲ್ ಸರಣಿಯನ್ನು ಹಿಡಿದುಕೊಂಡಿರುತ್ತದೆ. ಮೊದಲ ಮೂರು ವರ್ಷ ಮುಖ್ಯ ತಂಡಗಳು, ನಂತರದ ಎರಡು ವರ್ಷ ದೀರ್ಘಾವಧಿ ತಂಡ. ಒಟ್ಟು ಐದು ವರ್ಷದ ಬದ್ಧತೆ. ಡೆಬಿಯನ್ 9ಕ್ಕೆ 4.9, 10ಕ್ಕೆ 4.19, 11ಕ್ಕೆ 5.10, 12ಕ್ಕೆ 6.1, 13ಕ್ಕೆ 6.12. ಇವಿಷ್ಟೂ ಮೇಲಿನವರು ದೀರ್ಘಾವಧಿಗೆ ಆರಿಸಿದವೇ. ಡೆಬಿಯನ್ 11 ಹೊರಬಂದದ್ದು 2021ರ ಆಗಸ್ಟ್‌ನಲ್ಲಿ, ಅದರೊಳಗಿನ 5.10 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಆ ನಡುವೆ 5.11, 5.12, 5.13 ಮೂರೂ ಬಂದು ಹೋಗಿದ್ದವು. ಹೊಸದು ಎದುರಿಗಿದ್ದರೂ ಎಂಟು ತಿಂಗಳು ಹಳೆಯದನ್ನೇ ಇಟ್ಟುಕೊಂಡರು.

ಇದಕ್ಕೂ ಹಿಂದಿನ ಕಥೆ ನನಗೆ ಹೆಚ್ಚು ಇಷ್ಟವಾಯಿತು. ಡೆಬಿಯನ್ 7ರಲ್ಲಿ 3.2 ಇತ್ತು, 8ರಲ್ಲಿ 3.16. ಈ ಎರಡನ್ನೂ ಡೆಬಿಯನ್‌ನ ಕರ್ನಲ್ ನಿರ್ವಾಹಕರಾದ ಬೆನ್ ಹಚಿಂಗ್ಸ್ ಅವರೇ ದೀರ್ಘಾವಧಿ ಸರಣಿಗಳಾಗಿ ಹೊತ್ತರು, 3.2ನ್ನು 2018ರವರೆಗೆ, 3.16ನ್ನು 2020ರವರೆಗೆ. ಆಮೇಲಿನ ಆವೃತ್ತಿಗಳಲ್ಲಿ ಆ ಹೊರೆ ಎಲ್ಲರೂ ಸೇರಿ ಹೊರುವ ಸರಣಿಗಳ ಮೇಲೆ ಬಿತ್ತು.

ಎಲ್ಲರೂ ಹೀಗೇ ಮಾಡುವುದಿಲ್ಲ. ರೆಡ್ ಹ್ಯಾಟ್‌ನ ಎಂಟನೇ ಆವೃತ್ತಿಯಲ್ಲಿ 4.18, ಒಂಬತ್ತನೆಯದರಲ್ಲಿ 5.14. ಎರಡೂ ಮೇಲಿನವರ ದೀರ್ಘಾವಧಿ ಪಟ್ಟಿಯಲ್ಲಿಲ್ಲ, ಆದರೂ ಹತ್ತು ವರ್ಷದ ಭರವಸೆ. ಉಬುಂಟು 18.04ರಲ್ಲಿ 4.15, 24.04ರಲ್ಲಿ 6.8, ಅವೂ ಪಟ್ಟಿಯ ಹೊರಗಿನವು. ಸಂಬಳ ಕೊಟ್ಟು ಎಂಜಿನಿಯರುಗಳನ್ನು ಕೂರಿಸಿರುವ ಕಂಪನಿಗೆ ಇದು ಸಾಧ್ಯ. ಫೆಡೋರಾದ್ದು ಮೂರನೆಯ ದಾರಿ: ಒಂದು ಬಿಡುಗಡೆಯ ನಡುವೆಯೇ ಹೊಸ ಕರ್ನಲ್‌ಗೆ ದಾಟುತ್ತಾ ಹೋಗುತ್ತದೆ.

ಈ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟಾಗ ಮಕ್ಕಳಿಗೆ ತಲುಪಿಸಬೇಕಾದ ಮಾತು ನನಗೆ ಸ್ಪಷ್ಟವಾಯಿತು. ‘ಯಾವ ಆವೃತ್ತಿ ಒಳ್ಳೆಯದು?’ ಎಂಬ ಪ್ರಶ್ನೆಯಿಂದ ಆಯ್ಕೆ ಆಗುವುದಿಲ್ಲ. ‘ಮೂರನೇ ವರ್ಷ ಇದರಲ್ಲಿ ತೂತು ಕಂಡರೆ ಮುಚ್ಚುವವರು ಯಾರು?’ ಎಂಬುದರಿಂದ ಆಗುತ್ತದೆ.

ತರಗತಿಯಲ್ಲಿ

ಪೂರ್ವಜ್ಞಾನ ಪರೀಕ್ಷೆಗೆ ಪ್ರಶ್ನೋತ್ತರ ಬಿಟ್ಟು ಒಂದು ಕೆಲಸ ಕೊಟ್ಟೆ. ಟರ್ಮಿನಲ್ ತೆರೆದು ಯುನೇಮ್ ಆದೇಶವನ್ನು ಮೈನಸ್ ಆರ್ ಜೊತೆ ಕೊಡಿ, ಬಂದದ್ದನ್ನು ಬರೆದುಕೊಳ್ಳಿ. ಎಲ್ಲ ಪರದೆಗಳಲ್ಲೂ 6.1 ಎಂದೇ ಶುರುವಾಯಿತು. ಕೊನೆಯಲ್ಲಿ ಮಾತ್ರ ಏಳರಲ್ಲಿ ‘ಎಎಂಡಿ64’, ನಾಲ್ಕರಲ್ಲಿ ‘686’. ‘ಮಿಸ್, ನಮ್ಮದು ಬೇರೆ ಇದೆ’ ಎಂದು ಆ ನಾಲ್ಕರ ಮುಂದೆ ಕೂತವರು ತಾವೇ ಎದ್ದು ಹೇಳಿದರು. ಆ ವ್ಯತ್ಯಾಸವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟು ಎರಡನೇ ಅವಧಿಯವರೆಗೆ ಅದರ ಸುದ್ದಿ ಎತ್ತಲಿಲ್ಲ.

ಕರ್ನಲ್‌ನ ಸಂಕೇತವನ್ನು ಒಂಬತ್ತನೇ ತರಗತಿಗೆ ತೋರಿಸಿ ಪ್ರಯೋಜನವಿಲ್ಲ. ಅದರ ಬದಲು ‘ಬಿಸಿಯೂಟದ ಬೇಳೆ ಸಾರು’ ಎಂಬ ಅಡುಗೆ ಕ್ರಮವನ್ನು ಹತ್ತು ಸಾಲಿನಲ್ಲಿ ಬರೆದು, ಅದರ ನಾಲ್ಕು ಆವೃತ್ತಿಗಳನ್ನು ತಯಾರಿಸಿದೆ. ಒಂದೊಂದರಲ್ಲೂ ಒಂದೆರಡು ಸಾಲು ಬದಲು. 38 ಮಕ್ಕಳು ಆರು ಗುಂಪಾದರು. ಪ್ರತಿ ಗುಂಪೂ ಒಂದು ವಿತರಣಾ ಸಮಿತಿ. ಎಷ್ಟು ಆವೃತ್ತಿಗಳನ್ನು ಕಾಪಾಡುತ್ತೀರಿ ಎಂದು ಮೊದಲೇ ಹೇಳಿಬಿಡಬೇಕು, ಮೂರು ಸುತ್ತು ಮುಗಿಯುವವರೆಗೆ ಬದಲಾಯಿಸುವಂತಿಲ್ಲ. ಒಂದು ಸುತ್ತು ಒಂದು ವರ್ಷ, ಸಮಯ ಐದು ನಿಮಿಷ. ಗುಂಪಿನಲ್ಲಿ ಒಬ್ಬರು ಅಡುಗೆಯವರು. ಸುತ್ತಿನ ಕೊನೆಗೆ ತಿದ್ದಿದ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಅವರ ಕೆಲಸ.

ಒಂದು ಗುಂಪು ಉತ್ಸಾಹದಲ್ಲಿ ನಾಲ್ಕನ್ನೂ ಇಟ್ಟುಕೊಂಡಿತು. ಇನ್ನೊಂದು ‘ಹೊಸದೊಂದೇ ಸಾಕು’ ಎಂದಿತು. ಉಳಿದವು ಎರಡೋ ಮೂರೋ ಆರಿಸಿಕೊಂಡವು.

ಮೊದಲ ಸುತ್ತಿನ ಚೀಟಿ: ‘ಬೇಳೆ ಬೇಯುವಾಗಲೇ ಉಪ್ಪು ಹಾಕಿದರೆ ಬೇಯುವುದು ತಡ. ಮೂರನೇ ಸಾಲಿನ ಉಪ್ಪನ್ನು ತೆಗೆದುಹಾಕಿ.’ ಈ ದೋಷ ನಾಲ್ಕೂ ಆವೃತ್ತಿಗಳಲ್ಲಿದೆ, ಆದರೆ ತಿದ್ದುಪಡಿ ಬರೆದದ್ದು ನಾಲ್ಕನೆಯದನ್ನು ಮುಂದಿಟ್ಟುಕೊಂಡು. ನಾಲ್ಕನೆಯದರ ಎಂಟನೇ ಸಾಲಿನಲ್ಲಿ ‘ಒಗ್ಗರಣೆ ಹಾಕಿ, ರುಚಿಗೆ ತಕ್ಕಷ್ಟು ಉಪ್ಪು ಬೆರೆಸಿ’ ಎಂದಿದೆ. ಹಿಂದಿನ ಮೂರರಲ್ಲಿ ಬರೀ ‘ಒಗ್ಗರಣೆ ಹಾಕಿ’. ಹಳೆಯ ಆವೃತ್ತಿ ಇಟ್ಟುಕೊಂಡಿದ್ದ ಗುಂಪುಗಳಲ್ಲಿ ಮೂರು, ಮೂರನೇ ಸಾಲಿನ ಉಪ್ಪನ್ನು ಹೊಡೆದುಹಾಕಿ ಪೆನ್ನು ಕೆಳಗಿಟ್ಟವು. ಅಡುಗೆಯವಳಾಗಿದ್ದ ಹುಡುಗಿಯೊಬ್ಬಳು ಹತ್ತನೇ ಸಾಲು ಓದಿ ಮುಗಿಸಿ, ‘ಇದರಲ್ಲಿ ಉಪ್ಪೇ ಇಲ್ಲವಲ್ಲ ಮಿಸ್’ ಎಂದಳು. ಉಳಿದ ಗುಂಪುಗಳು ತಮ್ಮ ತಮ್ಮ ಹಾಳೆಯನ್ನು ಮತ್ತೆ ಎತ್ತಿಕೊಂಡವು.

ಆಗ 2023ರ ಡಿಸೆಂಬರ್‌ನ ಪ್ರಸಂಗ ಹೇಳಿದೆ. ಕಡತ ವ್ಯವಸ್ಥೆಗೆ ಸಂಬಂಧಿಸಿದ ಒಂದು ತಿದ್ದುಪಡಿಯನ್ನು ಹೊಸ ಕರ್ನಲ್‌ನಿಂದ 6.1ರ ಸರಣಿಗೆ, 6.1.64ಕ್ಕೆ, ತಂದರು. ಆ ತಿದ್ದುಪಡಿ ಸರಿಯಾಗಿ ಕೆಲಸ ಮಾಡಲು 6.5ರಲ್ಲಿ ಬಂದಿದ್ದ ಇನ್ನೊಂದು ಬದಲಾವಣೆ ಜೊತೆಗಿರಬೇಕಿತ್ತು. ಅದು 6.1ರಲ್ಲಿ ಇರಲಿಲ್ಲ. ಪರಿಣಾಮವಾಗಿ ಒಂದು ಬಗೆಯ ಬರವಣಿಗೆಯ ನಂತರ ಕಡತದೊಳಗೆ ಮುಂದೆ ಸರಿಯಬೇಕಾದ ಗುರುತು ಸರಿಯಲಿಲ್ಲ, ದತ್ತಾಂಶ ತಪ್ಪು ಜಾಗಕ್ಕೆ ಬಿತ್ತು. ಡೆಬಿಯನ್ 12.3ರ ಬಿಡುಗಡೆಯನ್ನು ಅಲ್ಲೇ ತಡೆದರು. 6.1.66 ಇಟ್ಟುಕೊಂಡು 12.4 ಡಿಸೆಂಬರ್ 10ರಂದು ಹೊರಬಂತು. ತಿದ್ದುಪಡಿಯನ್ನು ಹಿಂದಕ್ಕೆ ಒಯ್ಯುವುದು ನಕಲು ಮಾಡಿದಂತಲ್ಲ ಎಂಬುದನ್ನು ನಾನು ವಿವರಿಸಬೇಕಾಗಲೇ ಇಲ್ಲ, ಉಪ್ಪಿಲ್ಲದ ಸಾರು ವಿವರಿಸಿಯಾಗಿತ್ತು. ಅಂದ ಹಾಗೆ, ಯುನೇಮ್‌ಗೆ ಮೈನಸ್ ಆರ್ ಬದಲು ಮೈನಸ್ ವಿ ಕೊಟ್ಟರೆ ಡೆಬಿಯನ್ 12ರಲ್ಲಿ ಈ ಮೂರನೇ ಅಂಕಿ ಕಾಣುತ್ತದೆ. ‘ನಮ್ಮದು 64 ಅಲ್ಲ ತಾನೇ?’ ಎಂದು ಓಡಿಹೋಗಿ ನೋಡಿದವರು ಹಲವರು.

ಎರಡನೇ ಸುತ್ತು: ‘ತೊಳೆದ ನೀರಿನಲ್ಲೇ ಬೇಳೆ ಬೇಯಿಸುತ್ತಿದ್ದಾರೆ ಎಂದು ದೂರು ಬಂದಿದೆ. ಸರಿಪಡಿಸಿ.’ ಮೊದಲ ಎರಡು ಆವೃತ್ತಿಗಳಲ್ಲಿ ‘ತೊಳೆದ ನೀರು ಚೆಲ್ಲಿ, ಹೊಸ ನೀರು ಹಾಕಿ’ ಎಂದು ಸ್ಪಷ್ಟವಾಗಿಯೇ ಇತ್ತು. ಮೂರನೆಯದರಲ್ಲಿ ವಾಕ್ಯ ಚಿಕ್ಕದಾಗಲೆಂದು ‘ತೊಳೆದು ನೀರಿನಲ್ಲಿ ಬೇಯಿಸಿ’ ಎಂದು ಕೂಡಿಸಿದ್ದೆ. ಹಳೆಯದರಲ್ಲೇ ದೋಷ ಹೆಚ್ಚು ಎಂದುಕೊಂಡು ಮಕ್ಕಳು ಒಂದನೇ ಆವೃತ್ತಿಯನ್ನು ಮೊದಲು ಕೈಗೆತ್ತಿಕೊಂಡರು, ಎರಡು ನಿಮಿಷ ಹುಡುಕಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಳೆಯದರಲ್ಲಿ ಈ ತಪ್ಪು ಹುಟ್ಟೇ ಇಲ್ಲ’ ಎಂದ. ಅವನ ಆ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದೆ.

2022ರ ಮಾರ್ಚ್‌ನಲ್ಲಿ ಮ್ಯಾಕ್ಸ್ ಕೆಲ್ಲರ್‌ಮನ್ ಬಹಿರಂಗಪಡಿಸಿದ ‘ಡರ್ಟಿ ಪೈಪ್’ ದೋಷ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಓದಲು ಮಾತ್ರ ಅನುಮತಿಯಿರುವ ಕಡತದ ಮೇಲೂ ಬರೆಯಲು ಅದು ದಾರಿ ಕೊಡುತ್ತಿತ್ತು. ಈ ದಾರಿ ತೆರೆದದ್ದು 5.8ರಲ್ಲಿ. ಆದ್ದರಿಂದ 5.10 ಇದ್ದ ಡೆಬಿಯನ್ 11 ಸಿಕ್ಕಿಕೊಂಡಿತು, 4.19 ಇದ್ದ ಡೆಬಿಯನ್ 10 ತಪ್ಪಿಸಿಕೊಂಡಿತು. ‘ಹಾಗಾದರೆ ಹಳೆಯದೇ ಒಳ್ಳೆಯದು’ ಎಂದು ಕೂಡಲೇ ತೀರ್ಪು ಬಂತು. ಅದಕ್ಕೆ ಎದುರಾಗಿ ‘ಡರ್ಟಿ ಕೌ’ ಇಟ್ಟೆ. 2007ರ 2.6.22ರಿಂದ ಒಳಗೇ ಕೂತಿದ್ದು, 2016ರ ಅಕ್ಟೋಬರ್‌ನಲ್ಲಿ ಸರಿಯಾದ ದೋಷ ಅದು. ಆಗ ಬಳಕೆಯಲ್ಲಿದ್ದ ಡೆಬಿಯನ್ 7, 8 ಎರಡಕ್ಕೂ ಬೇರೆ ಬೇರೆಯಾಗಿ ತಿದ್ದುಪಡಿ ಸೇರಿಸಬೇಕಾಯಿತು. ಒಂದು ದೋಷ, ಎರಡು ಸರಣಿ, ಎರಡು ಪಟ್ಟು ಕೆಲಸ. ನಾಲ್ಕೂ ಆವೃತ್ತಿ ಇಟ್ಟುಕೊಂಡಿದ್ದ ಗುಂಪು ಈ ಹೊತ್ತಿಗೆ ಎರಡು ಸುತ್ತಿನ ಬಾಕಿ ಹೊತ್ತುಕೊಂಡು ಕೂತಿತ್ತು. ‘ಎರಡನ್ನು ಬಿಡುತ್ತೇವೆ ಮಿಸ್’ ಎಂದು ಕೇಳಿಕೊಂಡರು. ಬಿಡುವಂತಿಲ್ಲ, ಮಾತು ಕೊಟ್ಟಾಗಿದೆ ಎಂದೆ.

ಮೂರನೇ ಸುತ್ತಿನಲ್ಲಿ ತಿದ್ದುಪಡಿ ಇರಲಿಲ್ಲ, ಒಂದು ಪತ್ರ ಮಾತ್ರ. ‘ನಮ್ಮ ಶಾಲೆಯಲ್ಲಿ ಕುಕ್ಕರ್ ಇಲ್ಲ, ಸೌದೆ ಒಲೆ ಮತ್ತು ತಪ್ಪಲೆ ಮಾತ್ರ. ನಾಲ್ಕನೇ ಆವೃತ್ತಿ ನಮಗೆ ಬಳಸಲಾಗದು.’ ಹೊಸದೊಂದನ್ನೇ ಇಟ್ಟುಕೊಂಡು ಎರಡು ಸುತ್ತು ಸುಲಭವಾಗಿ ಗೆದ್ದಿದ್ದ ಗುಂಪು ಸುಮ್ಮನಾಯಿತು. ಅಲ್ಲಿ ಮೊದಲ ಅವಧಿಯ ಗಂಟೆ ಹೊಡೆಯಿತು. ಎರಡನೆಯದೂ ನನ್ನದೇ ಆದ್ದರಿಂದ ತುಂಡಾಗಲಿಲ್ಲ; ಬಿಡಿ ಅವಧಿಗಳಲ್ಲಿ ಈ ಪಾಠ ಮಾಡಬೇಡಿ ಎಂದು ಸಹಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ.

ನಾಲ್ಕು ಕಂಪ್ಯೂಟರ್‌ಗಳು

ಎರಡನೇ ಅವಧಿಯಲ್ಲಿ ಕಪ್ಪುಹಲಗೆಯ ಮೂಲೆಯ ‘686’ಕ್ಕೆ ಮರಳಿದೆವು. ಡೆಬಿಯನ್ 12ರ ಮೊದಲ ಮೂರು ವರ್ಷ 2026ರ ಜೂನ್‌ವರೆಗೆ, ದೀರ್ಘಾವಧಿ ತಂಡದ ಎರಡು ವರ್ಷ 2028ರ ಜೂನ್‌ವರೆಗೆ ಎಂದಷ್ಟೇ ಹೇಳಿ, ಈ ನಾಲ್ಕನ್ನು ಏನು ಮಾಡಬೇಕೆಂದು ಕೇಳಿದೆ.

ಮೊದಲ ಉತ್ತರಗಳು ಸಿಟ್ಟಿನವು. ‘ಅವರು ಯಾಕೆ ಬಿಟ್ಟರು?’ ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾನಲ್ಲ, ನಾಲ್ಕು ಆವೃತ್ತಿಯ ಗುಂಪು. ಎಲ್ಲವನ್ನೂ ಇಟ್ಟುಕೊಂಡರೆ ಯಾವುದನ್ನೂ ಸರಿಯಾಗಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಅವರು ತಮ್ಮ ಅರ್ಧ ತಿದ್ದಿದ ಹಾಳೆಗಳನ್ನು ಎತ್ತಿ ತೋರಿಸಿದರು. ಕುಕ್ಕರ್ ಪತ್ರದಲ್ಲಿ ಸೋತ ಗುಂಪು ಒಪ್ಪಲಿಲ್ಲ: ಬಿಡುವವರು ಬಿಟ್ಟರು, ಸೌದೆ ಒಲೆಯವರು ಊಟ ಮಾಡಬೇಡವೇ? ನಾನು ಮಧ್ಯೆ ಮಾತಾಡಲಿಲ್ಲ. ಹಳೆಯದನ್ನು ಕೈಬಿಡುವುದು ಕರ್ನಲ್‌ಗೂ ಹೊಸದಲ್ಲ, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಕರ್ನಲ್ ಬರೆಯಲು ಆರಂಭಿಸಿದ್ದೇ 386 ಸಂಸ್ಕಾರಕದ ಮೇಲೆ, 2013ರ 3.8ರಲ್ಲಿ ಆ 386ರ ಬೆಂಬಲವನ್ನೇ ತೆಗೆದರು ಎಂದು ಮಾತ್ರ ಸೇರಿಸಿದೆ.

ಕೊನೆಗೆ ಎರಡು ಪ್ರಸ್ತಾವಗಳು ಉಳಿದವು. ಒಂದು, ನಾಲ್ಕರಲ್ಲಿ ಡೆಬಿಯನ್ 12ನ್ನೇ ಬಿಟ್ಟು, ತಿದ್ದುಪಡಿ ನಿಂತ ದಿನದಿಂದ ಅಂತರಜಾಲದ ತಂತಿ ಕಿತ್ತು, ಕನ್ನಡ ಟೈಪಿಂಗ್ ಮತ್ತು ಗಣಿತಕ್ಕೆ ಬಳಸುವುದು. ಎರಡು, ಎಲ್ಲವನ್ನೂ ಒಂದೇ ಆವೃತ್ತಿಗೆ ತಂದು ನಾಲ್ಕನ್ನು ಬಿಡುವುದು, ಏಕೆಂದರೆ ಲ್ಯಾಬ್ ನೋಡಿಕೊಳ್ಳುವವರು ಗಣಿತದ ಶಿಕ್ಷಕರೊಬ್ಬರೇ. ‘ಎರಡು ಬಗೆ ಇದ್ದರೆ ಸರ್‌ಗೆ ಎರಡು ಪಟ್ಟು ಕೆಲಸ’ ಎಂದ ಹುಡುಗಿ, ಉಪ್ಪಿಲ್ಲ ಎಂದು ಕಂಡುಹಿಡಿದವಳೇ. ನನ್ನ ಒಲವು ಮೊದಲನೆಯದರ ಕಡೆ, ಅದೂ ಪೆನ್‌ಡ್ರೈವ್ ತಾಗಿಸುವುದಿಲ್ಲ ಎಂಬ ಕಟ್ಟುನಿಟ್ಟು ಇದ್ದರೆ. ತರಗತಿಯಲ್ಲಿ ಅದನ್ನು ಹೇಳಲಿಲ್ಲ.

ಅಂಕ ಕೊಡುವುದು ಹೇಗೆ?

ಪಾಠ ವೀಕ್ಷಿಸಿದ ಮಾರ್ಗದರ್ಶಕರು ವೀಕ್ಷಣಾ ಪತ್ರದಲ್ಲಿ ಚಟುವಟಿಕೆಯನ್ನು ಮೆಚ್ಚಿ, ಕೆಳಗೆ ಒಂದು ಆಕ್ಷೇಪ ಬರೆದರು: ನಿಶ್ಚಿತ ಉತ್ತರವಿಲ್ಲದ ಪ್ರಶ್ನೆಯನ್ನು ಮೌಲ್ಯಮಾಪನ ಮಾಡುವುದು ಹೇಗೆ, ಮಗು ಕಲಿತಿದೆ ಎಂದು ತೋರಿಸುವುದು ಹೇಗೆ? ಆಕ್ಷೇಪ ನ್ಯಾಯವಾದದ್ದು, ಆದರೆ ನಾನು ಒಪ್ಪುವುದಿಲ್ಲ. ಉತ್ತರ ಒಂದೇ ಇಲ್ಲ ಎಂದ ಮಾತ್ರಕ್ಕೆ ಎಲ್ಲ ಉತ್ತರಗಳೂ ಸಮವಲ್ಲ.

ಮರುವಾರ ಐದು ಅಂಕದ ಒಂದು ಪ್ರಶ್ನೆ ಕೊಟ್ಟೆ. ‘2021ರ ಮಧ್ಯಭಾಗ. ಮೂವರು ಸ್ವಯಂಸೇವಕರ ತಂಡ. ಐದು ವರ್ಷ ಬಾಳಬೇಕಾದ ವಿತರಣೆ. ದೀರ್ಘಾವಧಿಗೆ ಆಯ್ಕೆಯಾದ 5.10, ಅಥವಾ ಹೊಸದಾದ 5.12. ಯಾವುದು, ಏಕೆ?’ ಆಯ್ಕೆಗೆ ಅಂಕವೇ ಇಲ್ಲ. ತಿದ್ದುವವರು ಯಾರು ಎಂದು ಹೇಳಿದ್ದಕ್ಕೆ ಎರಡು, ಎಲ್ಲಿಯವರೆಗೆ ಎಂದು ಲೆಕ್ಕ ಹಾಕಿದ್ದಕ್ಕೆ ಒಂದು, ಈ ಆಯ್ಕೆಯಿಂದ ಹೊರಗುಳಿಯುವವರು ಯಾರು ಎಂದು ಗುರುತಿಸಿದ್ದಕ್ಕೆ ಎರಡು. ‘5.10, ಏಕೆಂದರೆ ಅದು ಉತ್ತಮ’ ಎಂದು ಬರೆದವರಿಗೆ ಸೊನ್ನೆ ಬಂತು. ಡೆಬಿಯನ್ ಆರಿಸಿದ್ದೂ 5.10ನ್ನೇ ತಾನೇ ಎಂದು ಅವರು ವಾದಿಸಿದರು, ಬಹಳ ಹೊತ್ತು. 5.12 ಆರಿಸಿದ ಒಬ್ಬ ಹುಡುಗನಿಗೆ ಐದಕ್ಕೆ ಐದು. ಹೊಸ ಲ್ಯಾಪ್‌ಟಾಪ್ ಕೊಂಡ ಶಾಲೆಗಳು 5.10ರಲ್ಲಿ ಹೊರಗುಳಿಯಬಹುದು, 5.12ಕ್ಕೆ ಮೇಲಿನವರ ತಿದ್ದುಪಡಿ ಕೆಲವೇ ತಿಂಗಳಿಗೆ ನಿಲ್ಲುತ್ತದೆ, ಆಮೇಲಿನ ನಾಲ್ಕೂವರೆ ವರ್ಷ ಮೂವರೂ ಬೇರೆ ಕೆಲಸ ಬಿಟ್ಟು ಇದನ್ನೇ ಮಾಡಬೇಕು, ಆದ್ದರಿಂದ ಅವರಿಗೆ ಸಂಬಳ ಕೊಡುವವರು ಸಿಕ್ಕಿದರೆ ಮಾತ್ರ 5.12 ಎಂದು ಬರೆದಿದ್ದ. ರೆಡ್ ಹ್ಯಾಟ್‌ನ ವಿಷಯ ನಾನು ತರಗತಿಯಲ್ಲಿ ಎತ್ತಿರಲಿಲ್ಲ.

ಪದವಿಪೂರ್ವ ತರಗತಿಯಲ್ಲಿ ಮಾಡುವವರು ಅಡುಗೆ ಕ್ರಮವನ್ನು ಕೈಬಿಟ್ಟು ಉಬುಂಟುವಿನ 2024ರ ತೀರ್ಮಾನವನ್ನೇ ಚರ್ಚೆಗೆ ಇಡಬಹುದು. ಬಿಡುಗಡೆಯ ಹೊತ್ತಿಗೆ ಕರ್ನಲ್‌ನ ಹೊಸ ಆವೃತ್ತಿ ಇನ್ನೂ ಪರೀಕ್ಷಾ ಹಂತದಲ್ಲಿದ್ದರೂ ಅದನ್ನೇ ಸೇರಿಸುತ್ತೇವೆ ಎಂದು ಅವರು ಆ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಡೆಬಿಯನ್‌ನ ದಾರಿಯ ಪಕ್ಕ ಇಟ್ಟರೆ ಎರಡು ಅವಧಿ ಸಾಲದು.

ಸಾರಿನ ನಾಲ್ಕು ಆವೃತ್ತಿಗಳು, ಮೂರು ಸುತ್ತಿನ ಚೀಟಿಗಳು ನಮ್ಮ ಕಾಲೇಜಿನ ಕಲಿಕೋಪಕರಣಗಳ ಕಪಾಟಿನಲ್ಲಿವೆ. ನಾಲ್ಕು ಕಂಪ್ಯೂಟರ್‌ಗಳ ಬಗ್ಗೆ ಮಕ್ಕಳು ಬರೆದ ಎರಡು ಪ್ರಸ್ತಾವಗಳು ಮುಖ್ಯ ಶಿಕ್ಷಕರ ಮೇಜಿನ ಮೇಲಿವೆ, ಗಣಿತದ ಶಿಕ್ಷಕರು ಇನ್ನೂ ಎರಡನ್ನೂ ಓದುತ್ತಿದ್ದಾರೆ.